ವಿಚ್ಛೇದನದ ಬಳಿಕವೂ ಬಾಳಿದೆ: ಹಝ್ರತ್ ಫಾತಿಮಾ ಬಿಂತ್ ಕೈಸ್(ರ)

ಪ್ರಿಯ ಸಹೋದರಿ,

ಸಹಾಬಿ ಮಹಿಳೆಯರ ಚರಿತ್ರೆಯನ್ನು ಓದಲು ಕುಳಿತಾಗ ನಾವು ಸಾಮಾನ್ಯವಾಗಿ ಹಝ್ರತ್ ಖದೀಜಾ(ರ), ಹಝ್ರತ್ ಆಯಿಶಾ(ರ), ಹಝ್ರತ್ ಫಾತಿಮಾ ಝಹ್ರಾ(ರ), ಹಝ್ರತ್ ಸುಮಯ್ಯಾ(ರ) ಮುಂತಾದ ಮಹಾನ್ ಹೆಸರುಗಳ ಬಳಿ ನಿಲ್ಲುತ್ತೇವೆ. ಅವರ ಬದುಕಿನಲ್ಲಿ ದಾಂಪತ್ಯದ ಸೌಖ್ಯವಿದೆ, ತ್ಯಾಗವಿದೆ, ಹುತಾತ್ಮತೆಯಿದೆ. ಆದರೆ ದಾಂಪತ್ಯವೇ ಮುರಿದುಬಿದ್ದ ಹೆಣ್ಣು ಯಾರ ಚರಿತ್ರೆಯನ್ನು ಓದಬೇಕು? ತಲಾಕ್ ಆಗಿ ತವರಿಗೆ ಮರಳಿದ ಮಗಳು, ರಾತ್ರಿ ನಿದ್ದೆ ಬಾರದೆ ಛಾವಣಿಯನ್ನೇ ನೋಡುತ್ತ ಮಲಗುವವಳು, ಇನ್ನು ಯಾರಿಗಾಗಿ ಬದುಕಬೇಕು ಎಂದು ಒಳಗೊಳಗೇ ಕೇಳಿಕೊಳ್ಳುವವಳು ಯಾರನ್ನು ತನ್ನ ಹಿರಿಯಕ್ಕನೆಂದು ಭಾವಿಸಬೇಕು?

ನೀವು ಅಂತಹ ಪರಿಸ್ಥಿತಿಯಲ್ಲಿದ್ದರೆ ಅಥವಾ ನಿಮ್ಮ ಮನೆಯಲ್ಲಿ ಅಂತಹ ಮಗಳೋ ತಂಗಿಯೋ ಇದ್ದರೆ ಈ ಲೇಖನ ನಿಮಗಾಗಿಯೇ ಇದೆ. ಏಕೆಂದರೆ ಪ್ರವಾದಿವರ್ಯರ(ಸ) ಮದೀನಾದಲ್ಲಿಯೂ ಅಂತಹ ಮಹಿಳೆಯರಿದ್ದರು. ಅವರಲ್ಲೊಬ್ಬರ ವಿಚ್ಛೇದನದ ವೃತ್ತಾಂತವನ್ನು ಸಹೀಹ್ ಮುಸ್ಲಿಮ್ ಸೇರಿದಂತೆ ಹದೀಸ್ ಗ್ರಂಥಗಳು ಬಹಳ ವಿವರವಾಗಿ ದಾಖಲಿಸಿವೆ. ಅವರೇ ಹಝ್ರತ್ ಫಾತಿಮಾ ಬಿಂತ್ ಕೈಸ್(ರ).

ಯಾರು ಈ ಫಾತಿಮಾ?

ಅವರು ಕುರೈಶರ ಫಿಹ್ರ್ ಶಾಖೆಗೆ ಸೇರಿದವರು. ಮುಂದೆ ಇತಿಹಾಸದಲ್ಲಿ ಹೆಸರಾದ ಝಹ್ಹಾಕ್ ಬಿನ್ ಕೈಸ್(ರ) ಅವರ ಅಕ್ಕ. ಆರಂಭ ಕಾಲದಲ್ಲಿಯೇ ಇಸ್ಲಾಮನ್ನು ಸ್ವೀಕರಿಸಿ, ಹುಟ್ಟಿದ ಊರನ್ನು ಬಿಟ್ಟು ಮದೀನಾಕ್ಕೆ ಹಿಜ್‌ರತ್ ಮಾಡಿದ ಮಹಿಳೆಯರ ಸಾಲಿನಲ್ಲಿ ಚರಿತ್ರೆಕಾರರು ಅವರ ಹೆಸರನ್ನು ಸೇರಿಸುತ್ತಾರೆ. ರೂಪ, ಬುದ್ಧಿ ಮತ್ತು ಸದ್ಗುಣಗಳಲ್ಲಿ ಅವರು ಎದ್ದು ಕಾಣುವವರಾಗಿದ್ದರೆಂದೂ ಬರೆಯುತ್ತಾರೆ.

ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ನಮ್ಮ ಸಮಾಜದಲ್ಲಿ ಒಬ್ಬಳಿಗೆ ತಲಾಕ್ ಆಯಿತೆಂದರೆ ಜನರು ಮೊದಲು ಹುಡುಕುವುದು ಆಕೆಯಲ್ಲಿನ ಕೊರತೆಯನ್ನು. ರೂಪವಿಲ್ಲವೇ, ಗುಣವಿಲ್ಲವೇ, ಕೆಲಸ ಬಾರದೇ ಎಂದು ಲೆಕ್ಕ ಹಾಕತೊಡಗುತ್ತಾರೆ. ಹೆಚ್ಚು ನೋವಿನ ವಿಷಯವೆಂದರೆ ಆ ಹೆಣ್ಣು ಕೂಡಾ ಕನ್ನಡಿಯ ಮುಂದೆ ನಿಂತು ಅದೇ ಲೆಕ್ಕವನ್ನು ಹಾಕುತ್ತಾಳೆ. ಫಾತಿಮಾರಲ್ಲಿ(ರ) ವಂಶವಿತ್ತು, ರೂಪವಿತ್ತು, ಬುದ್ಧಿಯಿತ್ತು, ಈಮಾನ್ ಇತ್ತು, ಹಿಜ್‌ರತ್‌ನ ಪುಣ್ಯವಿತ್ತು. ಆದರೂ ವಿಚ್ಛೇದನವಾಯಿತು. ಅವರ ಪತಿ ಅಬೂ ಅಮ್ರ್ ಬಿನ್ ಹಫ್ಸ್(ರ) ಕೂಡಾ ಸಾಮಾನ್ಯರಲ್ಲ. ಮಖ್‌ಝೂಮ್ ಗೋತ್ರದವರು, ಹಝ್ರತ್ ಖಾಲಿದ್ ಬಿನ್ ವಲೀದ್(ರ) ಅವರ ಹತ್ತಿರದ ಬಂಧು, ಸಹಾಬಿ. ಇಬ್ಬರು ಒಳ್ಳೆಯವರ ನಡುವೆಯೂ ದಾಂಪತ್ಯ ಮುರಿಯಬಹುದು. ಅದು ಯಾರೊಬ್ಬರ ಬೆಲೆಯನ್ನೂ ಅಲ್ಲಾಹನ ಬಳಿ ಕಡಿಮೆ ಮಾಡುವುದಿಲ್ಲ.

ಯಮನ್‌ನಿಂದ ಬಂದ ಸುದ್ದಿ

ಅಬೂ ಅಮ್ರ್(ರ) ಅವರು ಈ ಮೊದಲೇ ಎರಡು ತಲಾಕ್ ಹೇಳಿದ್ದರು. ಹಝ್ರತ್ ಅಲಿ(ರ) ಅವರೊಂದಿಗೆ ಯಮನ್‌ಗೆ ಹೋದಾಗ ಉಳಿದಿದ್ದ ಒಂದು ತಲಾಕನ್ನೂ ಅಲ್ಲಿಂದಲೇ ಕಳುಹಿಸಿದರು. ಅಂದರೆ ಸಂಬಂಧವು ಮರಳಿ ಕೂಡದಂತೆ ಕಡಿದುಹೋಯಿತು. ಎದುರು ಕುಳಿತು ಮಾತಾಡುವ ಅವಕಾಶವೂ ಇಲ್ಲದೆ ದೂರದ ಊರಿನಿಂದ ಬಂದ ಒಂದು ಸುದ್ದಿಯಿಂದ ಒಂದು ಬಾಳಿನ ಅಧ್ಯಾಯ ಮುಗಿಯಿತು.

ಪತಿಯ ಬಂಧುಗಳಲ್ಲೊಬ್ಬರಾದ ಅಯ್ಯಾಶ್ ಬಿನ್ ಅಬೀ ರಬೀಅಃ(ರ) ಅವರು ಐದು ಸಾಅ್ ಖರ್ಜೂರ ಮತ್ತು ಐದು ಸಾಅ್ ಜವೆಗೋಧಿಯನ್ನು ತಂದುಕೊಟ್ಟರು. ಫಿತ್ರ್ ಝಕಾತ್ ಅಳೆಯುವಾಗ ನೀವು ಕೇಳಿರುವ ಅದೇ ಸಾಅ್. ಒಂದು ಸಾಅ್ ಎಂದರೆ ನಮ್ಮ ತೂಕದಲ್ಲಿ ಸುಮಾರು 2.5ರಿಂದ 3 ಕಿಲೋ. ತಮಗೆ ಸಿಗುವುದು ಇಷ್ಟೇ ಏನೆಂದು ಫಾತಿಮಾ(ರ) ವಿಚಾರಿಸಿದರು. ಇದ್ದತ್‌ನ ದಿನಗಳನ್ನು ನಿಮ್ಮ ಮನೆಯಲ್ಲಿ ಕಳೆಯುವಂತಿಲ್ಲವೇ ಎಂದೂ ಕೇಳಿದರು. ಇಲ್ಲವೆಂಬ ಉತ್ತರ ಬಂತು. ಗರ್ಭಿಣಿಯಲ್ಲದಿದ್ದರೆ ಜೀವನಾಂಶದ ಹಕ್ಕೂ ಇಲ್ಲವೆಂದು ಗಂಡನ ಕಡೆಯವರು ತಿಳಿಸಿಬಿಟ್ಟರು.

ಸಹೋದರಿ, ಒಂದು ಕ್ಷಣ ಇಲ್ಲಿ ನಿಂತು ಯೋಚಿಸಿರಿ. ಗಂಡನಿಲ್ಲ, ಮನೆಯಿಲ್ಲ, ಕೈಯಲ್ಲಿರುವುದು ಕೆಲವು ದಿನಗಳ ಧಾನ್ಯ. ಆಗ ಅವರೇನು ಮಾಡಿದರು? ಹದೀಸ್‌ನಲ್ಲಿ ಒಂದು ಸಣ್ಣ ವಿವರ ಬರುತ್ತದೆ. ಅವರು ತಮ್ಮ ಉಡುಪನ್ನು ಸರಿಯಾಗಿ ಬಿಗಿದು ಧರಿಸಿಕೊಂಡು ಪ್ರವಾದಿವರ್ಯರ(ಸ) ಬಳಿಗೆ ಹೊರಟರು.

ಓದುವಾಗ ಇದು ದೊಡ್ಡ ಸಂಗತಿಯೆಂದು ಅನಿಸುವುದಿಲ್ಲ. ಆದರೆ ಮನಸ್ಸು ಕುಸಿದವರಿಗೆ ಗೊತ್ತು, ಎದ್ದು ಮುಖ ತೊಳೆದು ಬಟ್ಟೆ ಬದಲಿಸುವುದೇ ಕೆಲವೊಮ್ಮೆ ಬೆಟ್ಟ ಹತ್ತಿದಂತೆ. ಉತ್ಸಾಹ ಬಂದ ಮೇಲೆ ಎದ್ದೇಳುತ್ತೇನೆ ಎಂದು ಕಾಯುತ್ತ ಕುಳಿತರೆ ಅದು ಬರುವುದೇ ಇಲ್ಲ. ಎದ್ದ ಮೇಲೆ, ನಡೆದ ಮೇಲೆ ಅದು ಹಿಂದಿನಿಂದ ನಿಧಾನವಾಗಿ ಬರುತ್ತದೆ. ಪ್ರವಾದಿವರ್ಯರು(ಸ) ಆಗಾಗ ಮಾಡುತ್ತಿದ್ದ ಒಂದು ದುಆದಲ್ಲಿ ಚಿಂತೆ ಮತ್ತು ದುಃಖದ ಜೊತೆಯಲ್ಲಿಯೇ ಅಶಕ್ತತೆ ಮತ್ತು ಆಲಸ್ಯದಿಂದಲೂ ಅಲ್ಲಾಹನ ಅಭಯವನ್ನು ಯಾಚಿಸುತ್ತಿದ್ದರು. ದುಃಖವು ಮನುಷ್ಯನ ಕೈಕಾಲುಗಳನ್ನು ಹೇಗೆ ಕಟ್ಟಿಹಾಕುತ್ತದೆಂಬುದನ್ನು ಆ ದುಆ ನಮಗೆ ಕಲಿಸುತ್ತದೆ. ಹಾಗಾಗಿ ಏಳಲಾಗದ ಒಂದು ಮುಂಜಾನೆ ನಿಮ್ಮದಾಗಿದ್ದರೆ ಅದನ್ನು ಈಮಾನ್‌ನ ದೌರ್ಬಲ್ಯವೆಂದು ತಿಳಿದು ಇನ್ನಷ್ಟು ನೊಂದುಕೊಳ್ಳಬೇಡಿರಿ. ಅಭಯ ಯಾಚಿಸಿರಿ, ಆಮೇಲೆ ಒಂದೇ ಒಂದು ಹೆಜ್ಜೆ ಇಡಿರಿ.

ಕೇಳಿದ್ದು ಸಿಗಲಿಲ್ಲ, ಆದರೆ...

ಪ್ರವಾದಿವರ್ಯರು(ಸ) ಅವರ ಮಾತನ್ನು ಕೇಳಿದರು. ಎಷ್ಟು ತಲಾಕ್ ಆಗಿದೆಯೆಂದು ವಿಚಾರಿಸಿದರು. ಈ ಪ್ರಕರಣದಲ್ಲಿ ಜೀವನಾಂಶದ ಹಕ್ಕಿಲ್ಲವೆಂದು ತೀರ್ಪಿತ್ತರು. ಅಂದರೆ ಯಾವ ಬೇಡಿಕೆಯೊಂದಿಗೆ ಫಾತಿಮಾ(ರ) ಹೋಗಿದ್ದರೋ ಅದರಲ್ಲಿ ತೀರ್ಪು ಅವರ ಪರವಾಗಿ ಬರಲಿಲ್ಲ.

ಆದರೆ ಪ್ರವಾದಿವರ್ಯರು(ಸ) ತೀರ್ಪು ಕೊಟ್ಟು ಅವರನ್ನು ಬರಿಗೈಯಲ್ಲಿ ಬೀದಿಗೆ ಕಳುಹಿಸಲಿಲ್ಲ. ಅವರಿಗೊಂದು ಸುರಕ್ಷಿತ ಸ್ಥಳವನ್ನು ಯೋಚಿಸಿದರು. ಫಾತಿಮಾ(ರ) ಅವರಿದ್ದ ಮನೆ ನಿರ್ಜನ ಸ್ಥಳದಲ್ಲಿತ್ತು, ಯಾರಾದರೂ ನುಗ್ಗಿಬಿಟ್ಟಾರೆಂಬ ಭಯ ಅವರಿಗಿತ್ತು ಎಂಬುದು ಹದೀಸ್‌ಗಳಿಂದ ತಿಳಿದುಬರುತ್ತದೆ. ಆ ಭಯವನ್ನು ಪ್ರವಾದಿವರ್ಯರು(ಸ) ಹೆಣ್ಣಿನ ಭ್ರಮೆಯೆಂದು ತಳ್ಳಿಹಾಕಲಿಲ್ಲ.

ಮೊದಲು ಉಮ್ಮು ಶರೀಕ್(ರ) ಅವರ ಮನೆಯನ್ನು ಸೂಚಿಸಿದರು. ಅವರು ಸ್ಥಿತಿವಂತ ಮಹಿಳೆ, ಅಲ್ಲಾಹನ ಮಾರ್ಗದಲ್ಲಿ ಧಾರಾಳವಾಗಿ ಖರ್ಚು ಮಾಡುವವರು. ಆದರೆ ಅದೇ ಕಾರಣದಿಂದ ಆ ಮನೆಗೆ ಅತಿಥಿಗಳ ಓಡಾಟ ಹೆಚ್ಚು. ಹಾಗಾಗಿ ಪ್ರವಾದಿವರ್ಯರು(ಸ) ಸೂಚನೆಯನ್ನು ಬದಲಿಸಿದರು. ಫಾತಿಮಾರ(ರ) ಬಂಧುವೇ ಆದ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ) ಅವರ ಮನೆಯಲ್ಲಿರುವಂತೆ ಹೇಳಿದರು. ಅವರು ಪ್ರವಾದಿ ಮಸೀದಿಯ ಮುಅದ್ಸಿನ್, ಕಣ್ಣು ಕಾಣದವರು. ಅಲ್ಲಿ ಫಾತಿಮಾ(ರ) ಹೊದಿಕೆಯನ್ನು ತೆಗೆದಿಟ್ಟು ನಿರಾಳವಾಗಿ ಇರಬಹುದು, ಯಾರ ದೃಷ್ಟಿಯೂ ಬೀಳದು ಎಂಬುದು ಅದರ ಹಿಂದಿನ ಯೋಚನೆ.

ಇಡೀ ಒಂದು ಸಮುದಾಯದ ಹೊಣೆ ಹೊತ್ತಿದ್ದವರು ತಲಾಕ್ ಆದ ಒಬ್ಬ ಹೆಣ್ಣು ಮನೆಯಲ್ಲಿ ಹಾಯಾಗಿ ತಲೆಯ ಮೇಲಿನ ವಸ್ತ್ರವನ್ನು ಸರಿಸಿ ಕುಳಿತುಕೊಳ್ಳಬಲ್ಲಳೇ ಎಂಬುದರ ತನಕ ಯೋಚಿಸಿದರು! ಮನಸ್ಸಿನ ಗಾಯ ಮಾಯಲು ಮೊದಲು ಬೇಕಾದದ್ದು ಇದುವೇ: ಯಾರ ದೃಷ್ಟಿಯೂ ಚುಚ್ಚದ, ಪ್ರಶ್ನೆಗಳ ಸುರಿಮಳೆಯಿಲ್ಲದ ಒಂದು ಮೂಲೆ. ಇಷ್ಟೇ ಅಲ್ಲ, ಇದ್ದತ್ ಮುಗಿದ ಕೂಡಲೇ ತಮಗೆ ತಿಳಿಸಬೇಕೆಂದೂ, ತಮ್ಮನ್ನು ಕೇಳದೆ ಮುಂದಿನ ನಿರ್ಧಾರ ತೆಗೆದುಕೊಳ್ಳಬಾರದೆಂದೂ ಪ್ರವಾದಿವರ್ಯರು(ಸ) ಸೂಚಿಸಿದರು. ತನ್ನ ಬಗ್ಗೆ ಒಬ್ಬರಿಗೆ ನೆನಪಿದೆ, ತನ್ನ ನಾಳೆಯ ಕುರಿತು ಚಿಂತಿಸುವವರು ಇದ್ದಾರೆ ಎಂಬ ಭರವಸೆಯೊಂದಿಗೆ ಫಾತಿಮಾ(ರ) ಆ ಮನೆಗೆ ಹೋದರು.

ಹೆತ್ತವರೇ, ಅಣ್ಣತಮ್ಮಂದಿರೇ, ಈ ಜಾಗದಲ್ಲಿ ನಿಮ್ಮೊಂದಿಗೂ ಒಂದು ಮಾತಿದೆ. ತವರಿಗೆ ಮರಳಿದ ಮಗಳಿಗೆ ನೀವು ಅನ್ನ ಕೊಡುತ್ತಿರಬಹುದು. ಆದರೆ ಬಂದು ಹೋಗುವವರ ಮುಂದೆಲ್ಲ ಆಕೆಯ ಕಥೆಯನ್ನು ಹೇಳಿ ನಿಟ್ಟುಸಿರು ಬಿಡುತ್ತಿದ್ದರೆ, ತಂಗಿಯಂದಿರ ಮದುವೆಗೆ ಆಕೆ ಅಡ್ಡಿಯೆಂಬ ಮಾತು ಮನೆಯೊಳಗೆ ಸುಳಿದಾಡುತ್ತಿದ್ದರೆ ಆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮರಳಿ ಬಂದ, ನಿಮ್ಮ ಹೊರತು ದುಡಿದು ಹಾಕುವವರಿಲ್ಲದ ಮಗಳಿಗಾಗಿ ಮಾಡುವ ಖರ್ಚು ಅತ್ಯಂತ ಶ್ರೇಷ್ಠ ದಾನಗಳಲ್ಲೊಂದು ಎಂಬ ಆಶಯದ ಹದೀಸನ್ನು ಸುರಾಕಾ ಬಿನ್ ಮಾಲಿಕ್(ರ) ಅವರ ಮೂಲಕ ಇಬ್ನು ಮಾಜಃ ದಾಖಲಿಸಿದ್ದಾರೆ. ಆಕೆ ನಿಮ್ಮ ಮನೆಯ ಭಾರವಲ್ಲ, ನಿಮ್ಮ ಪರಲೋಕದ ಸಂಪಾದನೆ.

ಇದ್ದತ್‌ನ ದಿನಗಳು

ಇದ್ದತ್ ಎಂದರೆ ಹೆಣ್ಣಿಗೆ ವಿಧಿಸಿದ ಶಿಕ್ಷೆಯೆಂದು ತಿಳಿದವರಿದ್ದಾರೆ. ಗರ್ಭದ ವಿಷಯ ಸ್ಪಷ್ಟವಾಗುವುದು ಅದರ ಒಂದು ಉದ್ದೇಶ. ಆದರೆ ಅದು ಒಂದು ಬಿಡುವೂ ಹೌದು. ಮೂರು ಋತುಚಕ್ರಗಳ ಆ ಅವಧಿಯಲ್ಲಿ ಹೊಸ ವಿವಾಹದ ಪ್ರಸ್ತಾಪದ ಒತ್ತಡವಿಲ್ಲ. ಮುಂದೇನೆಂಬ ಪ್ರಶ್ನೆಗೆ ಇಂದೇ ಉತ್ತರಿಸಬೇಕಾದ ಅಗತ್ಯವಿಲ್ಲ. ಒಂದು ಸಂಬಂಧ ಮುಗಿದಿದೆಯೆಂಬುದನ್ನು ಮನಸ್ಸು ಒಪ್ಪಿಕೊಳ್ಳಲು ಸಮಯ ಬೇಕು. ಅದಕ್ಕೆ ಆರಂಭವೂ ಇದೆ, ಕೊನೆಯೂ ಇದೆ.

ಆ ಕಾಲದ ಮದೀನಾದಲ್ಲಿ ದುಃಖಿತರ ಆರೈಕೆಗೆ ಒಂದು ಅಡುಗೆಯೂ ಇತ್ತು. ಅದರ ಹೆಸರು ತಲ್‌ಬೀನಃ. ಜವೆಗೋಧಿಯ ಹಿಟ್ಟಿನಿಂದ ಮಾಡುವ ತೆಳ್ಳಗಿನ ಗಂಜಿ. ಕೆಲವೊಮ್ಮೆ ಜೇನನ್ನೂ ಬೆರೆಸುತ್ತಾರೆ. ಬಂಧುಗಳಲ್ಲಿ ಸಾವು ಸಂಭವಿಸಿ, ಬಂದ ಜನರೆಲ್ಲ ಹೋಗಿ, ಮನೆಯವರೂ ಆಪ್ತರೂ ಮಾತ್ರ ಉಳಿದಾಗ ಹಝ್ರತ್ ಆಯಿಶಾ(ರ) ಇದನ್ನು ಬೇಯಿಸಲು ಹೇಳುತ್ತಿದ್ದರು. ರೋಗಿಯ ಹೃದಯಕ್ಕೆ ಅದು ನೆಮ್ಮದಿ ಕೊಡುತ್ತದೆ, ದುಃಖವನ್ನು ಸ್ವಲ್ಪ ಇಳಿಸುತ್ತದೆ ಎಂದು ಅವರು ಪ್ರವಾದಿವರ್ಯರಿಂದ(ಸ) ಕೇಳಿದ್ದರು. ಬುಖಾರಿಯಲ್ಲಿ ಇದರ ಉಲ್ಲೇಖವಿದೆ. ಶೋಕದಲ್ಲಿರುವವನಿಗೆ ಉಪದೇಶಕ್ಕಿಂತ ಮೊದಲು ಒಂದು ಬಟ್ಟಲು ಬಿಸಿ ಗಂಜಿ ಬೇಕು. ಮನಸ್ಸು ಶರೀರದೊಳಗೆ ವಾಸಿಸುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣದ, ರಾತ್ರಿಯಿಡೀ ಎಚ್ಚರವಿರುವ ಶರೀರದಲ್ಲಿ ಅದು ಚೇತರಿಸಿಕೊಳ್ಳುವುದಾದರೂ ಹೇಗೆ?

ಮಸೀದಿಯ ಕರೆ

ಇದ್ದತ್ ಮುಗಿದ ಬಳಿಕದ ಒಂದು ದಿನ. ಜನರು ನಮಾಝ್‌ಗಾಗಿ ಒಟ್ಟು ಸೇರಬೇಕೆಂದು ಕೂಗಿ ಹೇಳುವ ಸ್ವರ ಫಾತಿಮಾರ(ರ) ಕಿವಿಗೆ ಬಿತ್ತು. ಅವರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಮಸೀದಿಗೆ ಹೋಗಿ ಪುರುಷರ ಸಾಲುಗಳ ಹಿಂದೆಯೇ ಇದ್ದ ಮಹಿಳೆಯರ ಸಾಲಿನಲ್ಲಿ ನಿಂತರು. ನಮಾಝ್‌ನ ಬಳಿಕ ಪ್ರವಾದಿವರ್ಯರು(ಸ) ಎಲ್ಲರನ್ನೂ ಅಲ್ಲಿಯೇ ಕುಳಿತಿರಲು ಹೇಳಿ, ಮುಗುಳುನಗುತ್ತ ಮಿಂಬರಿನ ಮೇಲೆ ಕುಳಿತು, ತಮೀಮುದ್ದಾರಿ(ರ) ಅವರು ತಿಳಿಸಿದ್ದ ಒಂದು ಸಮುದ್ರಯಾನದ ವೃತ್ತಾಂತವನ್ನು ವಿವರಿಸಿದರು. ಒಂದು ತಿಂಗಳ ಕಾಲ ಅಲೆಗಳ ಹೊಡೆತಕ್ಕೆ ಸಿಲುಕಿ, ಕೊನೆಗೆ ಒಂದು ದ್ವೀಪ ಸೇರಿದವರ ಆ ದೀರ್ಘ ವೃತ್ತಾಂತವನ್ನು ಫಾತಿಮಾ(ರ) ಅಕ್ಷರ ಬಿಡದಂತೆ ನೆನಪಿನಲ್ಲಿಟ್ಟುಕೊಂಡರು. ಜಸ್ಸಾಸಃದ ಹದೀಸ್ ಎಂದು ವಿದ್ವಾಂಸರ ನಡುವೆ ಪ್ರಸಿದ್ಧವಾಗಿರುವ ಆ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿ ನಮಗೆ ದೊರಕಿರುವುದು ಅವರ ಮೂಲಕವೇ.

ವಿಚ್ಛೇದನದ ನಂತರ ಹೆಚ್ಚಿನ ಹೆಣ್ಣುಮಕ್ಕಳು ಮೊದಲು ಬಿಡುವುದು ಜನರ ನಡುವೆ ಹೋಗುವುದನ್ನು. ಮದುವೆ ಮನೆಗೆ ಹೋಗುವುದಿಲ್ಲ, ಕುರ್‌ಆನ್ ತರಗತಿಗೆ ಹೋಗುವುದಿಲ್ಲ, ಹಳೆಯ ಗೆಳತಿಯ ಕರೆಗೆ ಉತ್ತರಿಸುವುದಿಲ್ಲ. ಜನರು ಏನಾದರೂ ಕೇಳಿಯಾರೆಂಬ ಅಂಜಿಕೆ. ಆದರೆ ಏಕಾಂತವು ಕೆಲವು ದಿನ ಔಷಧಿಯಾಗಿದ್ದು ಆಮೇಲೆ ವಿಷವಾಗುತ್ತದೆ. ಎಲ್ಲರ ಬಳಿಗೂ ಹೋಗಬೇಕೆಂದಿಲ್ಲ. ಒಳ್ಳೆಯದು ಸಿಗುವ ಒಂದು ಕಡೆಗೆ ಹೋಗಿರಿ. ಫಾತಿಮಾ(ರ) ಹೋದದ್ದು ಅಂತಹ ಒಂದು ಕಡೆಗೆ, ಮರಳುವಾಗ ಅವರ ಬಳಿ ಸಮುದಾಯಕ್ಕೆ ಕೊಡಲು ಒಂದು ನಿಧಿಯೇ ಇತ್ತು.

ಎರಡು ಪ್ರಸ್ತಾಪಗಳು, ಒಂದು ಸಲಹೆ

ಬಳಿಕ ವಿವಾಹದ ಪ್ರಸ್ತಾಪಗಳು ಬಂದವು. ಮುಆವಿಯಾ ಬಿನ್ ಅಬೀ ಸುಫ್‌ಯಾನ್(ರ) ಮತ್ತು ಅಬೂ ಜಹ್ಮ್(ರ) ಇಬ್ಬರೂ ಕೇಳಿದ್ದರು. ಫಾತಿಮಾ(ರ) ಮಾತಿನಂತೆ ಪ್ರವಾದಿವರ್ಯರಿಗೆ(ಸ) ವಿಷಯ ತಿಳಿಸಿದರು. ಪ್ರವಾದಿವರ್ಯರು(ಸ) ಯಾವುದನ್ನೂ ಮುಚ್ಚಿಡಲಿಲ್ಲ. ಅಬೂ ಜಹ್ಮ್(ರ) ಹೆಗಲಿನಿಂದ ಕೋಲನ್ನು ಕೆಳಗಿಡದವರೆಂದೂ, ಮುಆವಿಯಾ(ರ) ಕೈಯಲ್ಲಿ ಆಸ್ತಿಯಿಲ್ಲದ ಬಡವರೆಂದೂ ನೇರವಾಗಿ ತಿಳಿಸಿದರು. ಕೋಲಿನ ಮಾತಿಗೆ ಹೆಂಡತಿಯನ್ನು ಹೊಡೆಯುವವರೆಂಬ ಅರ್ಥವನ್ನು ಇತರ ವರದಿಗಳು ಸ್ಪಷ್ಟಪಡಿಸುತ್ತವೆ. ಸಂಬಂಧ ಕೂಡಿಸುವಾಗ ಸತ್ಯವನ್ನು ಅಡಗಿಸುವುದು ಪುಣ್ಯವೆಂದು ತಿಳಿದವರು ಇದನ್ನು ಗಮನಿಸಬೇಕು. ಒಮ್ಮೆ ನೊಂದವಳನ್ನು ಕಣ್ಣು ಕಟ್ಟಿ ಇನ್ನೊಂದು ಬಾವಿಗೆ ತಳ್ಳುವ ಹಕ್ಕು ಯಾರಿಗೂ ಇಲ್ಲ.

ಪ್ರವಾದಿವರ್ಯರು(ಸ) ಸೂಚಿಸಿದ್ದು ಉಸಾಮಾ ಬಿನ್ ಝೈದ್(ರ) ಅವರನ್ನು. ವಿಮೋಚಿತ ಗುಲಾಮರಾಗಿದ್ದ ಝೈದ್(ರ) ಮತ್ತು ಉಮ್ಮು ಐಮನ್(ರ) ಅವರ ಪುತ್ರ, ಕಪ್ಪು ಮೈಬಣ್ಣದ ತರುಣ. ಕುರೈಶ್ ವಂಶದ ಫಾತಿಮಾರಿಗೆ(ರ) ಮೊದಲು ಇದು ಒಪ್ಪಿಗೆಯಾಗಲಿಲ್ಲ. ಕೈಯ ಸನ್ನೆಯಿಂದಲೇ ತಮ್ಮ ಅಸಮ್ಮತಿಯನ್ನು ತೋರಿಸಿದರು. ಪ್ರವಾದಿವರ್ಯರು(ಸ) ಮತ್ತೆ ಹಿತ ನುಡಿದರು. ಅವರು ಒಪ್ಪಿಕೊಂಡರು. ಆ ದಾಂಪತ್ಯದಲ್ಲಿ ಅಲ್ಲಾಹನು ಎಷ್ಟು ಒಳಿತನ್ನಿಟ್ಟನೆಂದರೆ ತನ್ನನ್ನು ಕಂಡು ಇತರರು ಆಸೆಪಡುವಂತಾಯಿತೆಂದು ಸ್ವತಃ ಫಾತಿಮಾರೇ(ರ) ಮುಂದೆ ನೆನಪಿಸಿಕೊಂಡಿದ್ದಾರೆ.

ಆದರೆ ಸಹೋದರಿ, ಇದರಿಂದ ಮರುವಿವಾಹವೇ ಮದ್ದು ಎಂಬ ತೀರ್ಮಾನಕ್ಕೆ ಬರಬೇಡಿರಿ. ಮರುವಿವಾಹ ಒಳ್ಳೆಯದು, ಅದಕ್ಕೆ ಸಮಾಜವು ಅಡ್ಡಿಯಾಗಬಾರದು. ಆದರೆ ಕ್ರಮವನ್ನು ಗಮನಿಸಿರಿ. ಮೊದಲು ಸುರಕ್ಷಿತ ನೆಲೆ, ಆಮೇಲೆ ಬಿಡುವು, ವಿವೇಕಿಯ ಸಲಹೆ, ಕೊನೆಗೆ ವಿವಾಹ. ಗಾಯ ಹಸಿಯಾಗಿರುವಾಗ ಜನರ ಬಾಯಿ ಮುಚ್ಚಿಸಲಿಕ್ಕಾಗಿ ಆತುರದಿಂದ ಮಾಡುವ ಮದುವೆ ಬೇರೆ, ಚೇತರಿಸಿಕೊಂಡು ತಿಳಿದು ಮಾಡುವ ಮದುವೆ ಬೇರೆ.

ಅವರ ಮಾತನ್ನು ಸಂಶಯಿಸಲಾಯಿತು

ಕಥೆ ಇಲ್ಲಿಗೆ ಮುಗಿಯಲಿಲ್ಲ. ಪ್ರವಾದಿವರ್ಯರ(ಸ) ಕಾಲಾನಂತರ, ಮರಳಿ ಕೂಡಲಾಗದ ತಲಾಕ್‌ನಲ್ಲಿ ಇದ್ದತ್‌ನ ಅವಧಿಗೆ ಹೆಣ್ಣಿಗೆ ವಸತಿ ಮತ್ತು ಜೀವನಾಂಶವಿದೆಯೇ ಎಂಬ ಪ್ರಶ್ನೆ ಎದ್ದಿತು. ಫಾತಿಮಾ(ರ) ತಮಗಾದ ತೀರ್ಪನ್ನು ತಿಳಿಸಿದರು. ಆದರೆ ಖಲೀಫಾ ಹಝ್ರತ್ ಉಮರ್(ರ) ಅದನ್ನು ಸಾರ್ವತ್ರಿಕ ವಿಧಿಯಾಗಿ ಸ್ವೀಕರಿಸಲಿಲ್ಲ. ಒಬ್ಬ ಮಹಿಳೆಗೆ ಸರಿಯಾಗಿ ನೆನಪಿದೆಯೋ ಮರೆತಿದ್ದಾರೋ ತಿಳಿಯದಿರುವಾಗ ಅದಕ್ಕಾಗಿ ಕುರ್‌ಆನ್‌ನ ಆದೇಶವನ್ನು ಬಿಡಲಾಗದೆಂಬುದು ಅವರ ನಿಲುವಾಗಿತ್ತು. ಫಾತಿಮಾರಿಗೆ(ರ) ಸ್ಥಳ ಬದಲಿಸಲು ಅನುಮತಿ ಸಿಕ್ಕಿದ್ದು ಆ ಮನೆ ನಿರ್ಜನವಾಗಿದ್ದುದರಿಂದ ಮಾತ್ರ ಎಂದು ಹಝ್ರತ್ ಆಯಿಶಾ(ರ) ಅಭಿಪ್ರಾಯಪಟ್ಟರು. ಮುಂದೆ ಕೂಫಾದ ದೊಡ್ಡ ಮಸೀದಿಯಲ್ಲಿ ಇಮಾಮ್ ಶಅಬಿ(ರಹ್) ಈ ಹದೀಸನ್ನು ಹೇಳುತ್ತಿದ್ದಾಗ ಅಸ್ವದ್ ಬಿನ್ ಯಝೀದ್(ರಹ್) ಒಂದು ಹಿಡಿ ಹರಳುಗಳನ್ನು ಅವರ ಮೇಲೆ ಎಸೆದು ಹಝ್ರತ್ ಉಮರ್(ರ) ಅವರ ಮಾತನ್ನು ನೆನಪಿಸಿದರಂತೆ!

ಎಲ್ಲರೂ ಸದುದ್ದೇಶದಿಂದಲೇ ಮಾತಾಡಿದರು, ದೀನ್‌ನ ಕಾಳಜಿಯಿಂದಲೇ ಮಾತಾಡಿದರು. ಆದರೆ ಫಾತಿಮಾರ(ರ) ಸ್ಥಾನದಲ್ಲಿ ನಿಂತು ನೋಡಿರಿ. ಅದು ಅವರ ಬದುಕಿನ ಅತ್ಯಂತ ಕಷ್ಟದ ದಿನಗಳ ವಿಷಯ. ಅದನ್ನು ಊರೆಲ್ಲ ಚರ್ಚಿಸುತ್ತಿದೆ, ನೆನಪಿನ ಮೇಲೆಯೇ ಸಂಶಯ ಪಡಲಾಗುತ್ತಿದೆ. ಅವರು ಜಗಳವಾಡಲಿಲ್ಲ, ಮೂಲೆಯಲ್ಲಿ ಕುಳಿತು ಮೌನವನ್ನೂ ತಾಳಲಿಲ್ಲ. ಮದೀನಾದ ರಾಜ್ಯಪಾಲನಾಗಿದ್ದ ಮರ್ವಾನ್ ಈ ವಿಷಯ ವಿಚಾರಿಸಲು ಕಬೀಸಾ ಬಿನ್ ಝುಐಬ್(ರಹ್) ಅವರನ್ನು ಕಳುಹಿಸಿ, ಹದೀಸನ್ನು ಕೇಳಿಯೂ ಒಪ್ಪದಿದ್ದಾಗ ಅವರು ಕುರ್‌ಆನನ್ನೇ ಮುಂದಿಟ್ಟರು. ಸೂರಃ ಅತ್ತಲಾಕ್‌ನಲ್ಲಿ ಮಹಿಳೆಯರನ್ನು ಮನೆಯಿಂದ ಹೊರಹಾಕಬಾರದೆಂದು ಹೇಳಿದ ಬಳಿಕ, ಅಲ್ಲಾಹನು ಮುಂದೆ ಏನಾದರೂ ಹೊಸ ಸ್ಥಿತಿಯನ್ನು ಉಂಟುಮಾಡಬಹುದೆಂಬ ಸೂಚನೆಯಿದೆ. ಗಂಡನು ಮರಳಿ ಸ್ವೀಕರಿಸುವ ಅವಕಾಶವಿರುವಾಗ ಮಾತ್ರ ಈ ಮಾತು ಅನ್ವಯಿಸುತ್ತದೆ, ಮೂರು ತಲಾಕ್‌ಗಳೂ ಮುಗಿದ ಮೇಲೆ ಯಾವ ಹೊಸ ಸ್ಥಿತಿ ಬರಲಿದೆ ಎಂದು ಅವರು ಪ್ರಶ್ನಿಸಿದರು. ಗರ್ಭಿಣಿಯಲ್ಲದಿದ್ದರೆ ಜೀವನಾಂಶವಿಲ್ಲವೆನ್ನುತ್ತೀರಾದರೆ ಯಾವ ಆಧಾರದಲ್ಲಿ ಆಕೆಯನ್ನು ಆ ಮನೆಯಲ್ಲಿ ತಡೆದಿರಿಸುತ್ತೀರೆಂದೂ ಕೇಳಿದರು.

ಎಂತಹ ಸ್ಪಷ್ಟ ವಿಚಾರ ನೋಡಿರಿ! ತನ್ನ ನೋವನ್ನು ಅವರು ವಿದ್ಯೆಯನ್ನಾಗಿ ಮಾಡಿಕೊಂಡರು. ಇಂದು ಫಿಕ್ಹ್‌ನ ಗ್ರಂಥಗಳಲ್ಲಿ ಈ ಅಧ್ಯಾಯವನ್ನು ತೆರೆದರೆ ಫಾತಿಮಾರ(ರ) ಹೆಸರು ಸಿಗುತ್ತದೆ. ಹನಫಿಗಳು ವಸತಿ ಮತ್ತು ಜೀವನಾಂಶ ಎರಡೂ ಇದೆಯೆನ್ನುತ್ತಾರೆ. ಮಾಲಿಕಿಗಳೂ ಶಾಫಿಈಗಳೂ ವಸತಿಯಿದೆ, ಗರ್ಭಿಣಿಯಲ್ಲದಿದ್ದರೆ ಜೀವನಾಂಶವಿಲ್ಲ ಎನ್ನುತ್ತಾರೆ. ಹಂಬಲಿಗಳು ಫಾತಿಮಾರ(ರ) ಹದೀಸನ್ನೇ ಆಧಾರವಾಗಿಟ್ಟು ಎರಡೂ ಇಲ್ಲವೆನ್ನುತ್ತಾರೆ. ಅವರ ಮಾತನ್ನು ಒಪ್ಪಿದವರಿದ್ದಾರೆ, ಒಪ್ಪದವರಿದ್ದಾರೆ. ಕಡೆಗಣಿಸಿ ಮುಂದೆ ಹೋದವರಿಲ್ಲ.

ಹಿಜರಿ 23ರಲ್ಲಿ (ಕ್ರಿ.ಶ. 644) ಹಝ್ರತ್ ಉಮರ್(ರ) ಹುತಾತ್ಮರಾದಾಗ ಮುಂದಿನ ಖಲೀಫಾರ ಆಯ್ಕೆಗಾಗಿ ಅವರು ನೇಮಿಸಿದ್ದ ಸಮಾಲೋಚನಾ ಸಮಿತಿಯ ಸದಸ್ಯರು ಸೇರಿದ್ದು ಫಾತಿಮಾ ಬಿಂತ್ ಕೈಸ್(ರ) ಅವರ ಮನೆಯಲ್ಲಿ ಎಂದು ಇಬ್ನು ಅಬ್ದಿಲ್ ಬರ್ರ್(ರಹ್) ಬರೆದಿದ್ದಾರೆ. ಒಂದು ಕಾಲದಲ್ಲಿ ಇದ್ದತ್ ಕಳೆಯಲು ತಲೆಯ ಮೇಲೊಂದು ಸೂರನ್ನು ಹುಡುಕುತ್ತಿದ್ದ ಹೆಣ್ಣಿನ ಮನೆಯ ಸೂರಿನಡಿ ಮುಸ್ಲಿಮ್ ಸಮುದಾಯದ ಭವಿಷ್ಯದ ಚರ್ಚೆ ನಡೆಯಿತು.

ಕೊನೆಯ ವರ್ಷಗಳಲ್ಲಿಯೂ ಅವರ ಬಾಗಿಲು ವಿದ್ಯಾರ್ಥಿಗಳಿಗೆ ತೆರೆದಿತ್ತು. ಇಮಾಮ್ ಶಅಬಿ(ರಹ್) ಭೇಟಿಗೆ ಹೋದಾಗ ಅವರು ತಾಜಾ ಖರ್ಜೂರವನ್ನೂ ಜವೆಗೋಧಿಯ ಪಾನೀಯವನ್ನೂ ಕೊಟ್ಟು ಸತ್ಕರಿಸಿ, ತಮ್ಮ ತಲಾಕ್‌ನ ವೃತ್ತಾಂತವನ್ನು ಸಂಕೋಚವಿಲ್ಲದೆ ವಿವರಿಸಿದರು. ಒಮ್ಮೆ ಅವಮಾನವಾಗಿ ಬಂದಿದ್ದ ಅದೇ ಖರ್ಜೂರ, ಅದೇ ಜವೆಗೋಧಿ ಈಗ ಅವರ ಕೈಯಿಂದ ಅತಿಥಿಗಳಿಗೆ ಸಿಗುತ್ತಿತ್ತು. ಮುಆವಿಯಾ(ರ) ಅವರ ಆಡಳಿತ ಕಾಲದಲ್ಲಿ ಅವರು ನಿಧನರಾದರು.

ನಿಮ್ಮ ಮನಸ್ಸಿನ ಅಮಾನತ್

ಪ್ರಿಯ ಸಹೋದರಿ, ಶರೀರದಂತೆ ಮನಸ್ಸು ಕೂಡಾ ಅಲ್ಲಾಹನು ನಿಮ್ಮ ವಶಕ್ಕೆ ಕೊಟ್ಟ ಅಮಾನತ್. ಗಂಡನು ಬಿಟ್ಟುಹೋದನೆಂದು ಆ ಅಮಾನತನ್ನು ನೀವು ಬಿಟ್ಟುಬಿಡುವಂತಿಲ್ಲ. ಮೊದಲ ವಾರ ಎಲ್ಲರೂ ಬಂದು ಸಂತೈಸುತ್ತಾರೆ, ನೀವೂ ಧೈರ್ಯ ತಂದುಕೊಳ್ಳುತ್ತೀರಿ. ಕಷ್ಟವಿರುವುದು ನಾಲ್ಕನೆಯ ತಿಂಗಳಲ್ಲಿ, ಎಂಟನೆಯ ತಿಂಗಳಲ್ಲಿ. ಆಗ ಆರೈಕೆ ಬೇಸರವೆನಿಸುತ್ತದೆ. ಅಲ್ಲಾಹನಿಗೆ ಪ್ರಿಯವಾದದ್ದು ಕಡಿಮೆಯಾದರೂ ನಿರಂತರವಾಗಿ ಮಾಡುವ ಕರ್ಮವೆಂಬ ಪ್ರವಾದಿ ಬೋಧನೆ ಇಲ್ಲಿ ದಾರಿದೀಪ. ಆದ್ದರಿಂದ ದೊಡ್ಡ ಸಂಕಲ್ಪ ಬೇಡ. ಆರೈಕೆಯನ್ನು ನಮಾಝ್‌ನ ವೇಳೆಗಳಿಗೆ ಕಟ್ಟಿಬಿಡಿರಿ. ಫಜ್ರ್‌ನ ಬಳಿಕ ಹತ್ತು ನಿಮಿಷ ಅಂಗಳದಲ್ಲಿ ನಡೆಯಿರಿ. ಝುಹ್ರ್‌ನ ಬಳಿಕ ಹೊಟ್ಟೆ ತುಂಬ ಉಣ್ಣಿರಿ. ಅಸ್ರ್‌ನ ಬಳಿಕ ಒಬ್ಬರೊಡನೆ ಮಾತಾಡಿರಿ, ಇಲ್ಲವೇ ಹೊಲಿಗೆಯೋ ಓದೋ ಏನಾದರೊಂದನ್ನು ಕಲಿಯಿರಿ. ಇಶಾದ ಬಳಿಕ ಹಳೆಯ ಫೋಟೊಗಳನ್ನೂ ಸಂದೇಶಗಳನ್ನೂ ತೆರೆಯದೆ ಮಲಗಿರಿ. ಒಂದು ದಿನ ತಪ್ಪಿಹೋದರೆ ಮರುದಿನ ಮತ್ತೆ ಹಿಡಿಯಿರಿ.

ಹಝ್ರತ್ ಝೈನಬ್ ಬಿಂತ್ ಜಹ್ಶ್(ರ) ನಮಾಝ್‌ನಲ್ಲಿ ದಣಿದಾಗ ಹಿಡಿದು ನಿಲ್ಲಲು ಮಸೀದಿಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದ್ದರು. ಪ್ರವಾದಿವರ್ಯರು(ಸ) ಅದನ್ನು ಬಿಚ್ಚಿಸಿ, ಹುರುಪು ಇರುವಷ್ಟು ಹೊತ್ತು ನಮಾಝ್ ಮಾಡಿ ದಣಿದಾಗ ಕುಳಿತುಕೊಳ್ಳುವಂತೆ ಬೋಧಿಸಿದರು. ಆರಾಧನೆಯಲ್ಲಿಯೇ ಈ ರಿಯಾಯಿತಿ ಇರುವಾಗ ಉಳಿದ ಕೆಲಸಗಳಲ್ಲಿ ನಿಮ್ಮ ಮೇಲೆ ನೀವೇಕೆ ಇಷ್ಟು ಕಠಿಣರಾಗುತ್ತೀರಿ?

ಇನ್ನೊಂದು ಮುಖ್ಯ ಮಾತು. ಎರಡು ವಾರಗಳಿಗಿಂತ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ಅದು ಖಿನ್ನತೆಯೆಂಬ ಕಾಯಿಲೆಯಾಗಿರಬಹುದು. ಅದಕ್ಕೆ ಚಿಕಿತ್ಸೆಯಿದೆ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಟ್ಟಿರುವನೆಂದೂ, ಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದುಆ ಮತ್ತು ಔಷಧಿ ಒಂದಕ್ಕೊಂದು ವೈರಿಗಳಲ್ಲ. ಸಾಯಬೇಕೆಂಬ ಯೋಚನೆ ಬಂದರೆ ಅದನ್ನು ಪಾಪಭೀತಿಯಿಂದ ಅಡಗಿಸಿಡದೆ ಅಂದೇ ಮನೆಯವರಲ್ಲಿ ಯಾರಾದರೊಬ್ಬರಿಗೆ ಹೇಳಿರಿ, ತಡಮಾಡದೆ ವೈದ್ಯರ ಬಳಿಗೆ ಹೋಗಿರಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ. ಅದರ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿಯೇ ಮಾತಾಡಬಹುದು. ಸಹಾಯ ಕೇಳುವುದು ನಾಚಿಕೆಯ ವಿಷಯವಲ್ಲ. ಫಾತಿಮಾ(ರ) ಕೂಡಾ ಉಡುಪು ಬಿಗಿದುಕೊಂಡು ಹೊರಟದ್ದು ಸಹಾಯ ಕೇಳುವುದಕ್ಕೇ.

ಅಲ್ಲಾಹನು ನೊಂದ ಪ್ರತಿಯೊಂದು ಹೃದಯಕ್ಕೂ ನೆಮ್ಮದಿಯನ್ನು ದಯಪಾಲಿಸಲಿ. ಮರಳಿ ಬಂದ ಹೆಣ್ಣುಮಕ್ಕಳ ಪಾಲಿಗೆ ನಮ್ಮ ಮನೆಗಳನ್ನು ಇಬ್ನು ಉಮ್ಮಿ ಮಕ್ತೂಮ್(ರ) ಅವರ ಮನೆಯಂತಾಗಿಸಲಿ. ಆಮೀನ್.